ಸೋತ ಓಟು ಎಲ್ಲಿಗೆ ಹೋಗುತ್ತೆ?

ಶನಿವಾರ ರಾತ್ರಿ ಹನ್ನೆರಡರ ಹೊತ್ತಿಗೆ ಗೆಳೆಯನ ಮೆಸೇಜು ಬಂತು: "ಹದಿನಾರು ಅಂತೆ ಮಗಾ."

ಬೆಳಗ್ಗೆಯಿಂದ ಎಣಿಸಿ, ಮತ್ತೆ ಎಣಿಸಿ, ಕೊನೆಗೂ ಜಯನಗರದ ಫಲಿತಾಂಶ ಹೊರಬಿದ್ದಿತ್ತು. ಬಿಜೆಪಿಯ ಸಿ.ಕೆ. ರಾಮಮೂರ್ತಿ ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿಯವರ ಎದುರು 16 ಓಟುಗಳಿಂದ ಗೆದ್ದಿದ್ದರು. ನನ್ನ ಗೆಳೆಯ ಜಯನಗರದ ಮತದಾರ. ಮೇ 10ರ ಬುಧವಾರ ಓಟಿನ ರಜೆ ಅಂತ ಅವನು, ಅವನ ಹೆಂಡತಿ, ಅವನ ತಮ್ಮ ಮೂವರೂ ಮಂಗಳವಾರ ರಾತ್ರಿಯೇ ಚಿಕ್ಕಮಗಳೂರಿಗೆ ಹೊರಟಿದ್ದರು. ಹೋಗುವ ಮುಂಚೆ ಆಫೀಸಿನ ಊಟದ ಟೇಬಲ್ಲಿನಲ್ಲಿ ನನಗೆ ಪಾಠ ಬೇರೆ ಮಾಡಿದ್ದ. "ಲಕ್ಷದ ಮೇಲೆ ಓಟು ಬೀಳುತ್ತೆ. ನನ್ನದೊಂದು ಬಿದ್ದರೆಷ್ಟು, ಬಿಟ್ಟರೆಷ್ಟು? ನನ್ನ ಒಂದು ಓಟಿನಿಂದಲೇ ರಿಸಲ್ಟ್ ತಿರುಗೋ ಪ್ರಾಬಬಿಲಿಟಿ ಎಷ್ಟು ಹೇಳು? ಬಿಸಿಲಲ್ಲಿ ಎರಡು ಗಂಟೆ ಕ್ಯೂ ನಿಲ್ಲೋದಕ್ಕಿಂತ ಕಾಫಿ ತೋಟದಲ್ಲಿ ಕೂರೋದು ವಾಸಿ."

ಇದು ಸೋಮಾರಿಯ ನೆಪ ಅಂತ ತಳ್ಳಿಹಾಕುವ ಹಾಗಿಲ್ಲ. ಆಂಥೊನಿ ಡೌನ್ಸ್ ಎಂಬ ಅರ್ಥಶಾಸ್ತ್ರಜ್ಞ 1957ರಲ್ಲಿ ಪ್ರಜಾಪ್ರಭುತ್ವದ ಬಗ್ಗೆ ಬರೆದ ಪುಸ್ತಕದಲ್ಲಿ ಹೆಚ್ಚು ಕಡಿಮೆ ಇದೇ ಲೆಕ್ಕ ಇದೆ. ಓಟು ಹಾಕೋಕೆ ಆಗುವ ಖರ್ಚು ಖಂಡಿತ, ಅದರಿಂದ ಫಲಿತಾಂಶ ಬದಲಾಗುವ ಸಾಧ್ಯತೆ ಸೊನ್ನೆಗೆ ಹತ್ತಿರ. ಹಾಗಾದರೆ ಲಾಭ-ನಷ್ಟ ನೋಡುವ ಮನುಷ್ಯ ಯಾಕಾದರೂ ಬೂತಿಗೆ ಹೋಗಬೇಕು? ಅಲ್ಲಿಂದ ಇಲ್ಲಿಯವರೆಗೆ ವಿದ್ವಾಂಸರು ಇದಕ್ಕೆ ಉತ್ತರ ಹುಡುಕುತ್ತಲೇ ಇದ್ದಾರೆ.

ಆ ರಾತ್ರಿ "ನೋಡಿದ್ಯಾ?" ಅಂತ ಒಂದು ಮೆಸೇಜು ಹಾಕೋದು ಸುಲಭವಿತ್ತು. ಹಾಕಲಿಲ್ಲ. ಮೊದಲನೆಯದಾಗಿ, ಮೂರು ಓಟಿನಿಂದ ಹದಿನಾರರ ಅಂತರ ತುಂಬುವುದಿಲ್ಲ. ಅವನ ಲೆಕ್ಕ ಆಗಲೂ ಸರಿಯೇ ಇತ್ತು. ಎರಡನೆಯದಾಗಿ, ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ.

ನನ್ನ ಮೊದಲ ಓಟು ನಾನು ಹಾಕಲೇ ಇಲ್ಲ. 2004ರ ಏಪ್ರಿಲ್. ಹದಿನೆಂಟು ತುಂಬಿತ್ತು, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಮೊದಲ ವರ್ಷ, ಹಾಸ್ಟೆಲ್ ವಾಸ. ಹೆಸರು ಮಾತ್ರ ಊರಿನ ಪಟ್ಟಿಯಲ್ಲಿತ್ತು. ಅಪ್ಪ ಹಾಸ್ಟೆಲ್ಲಿಗೆ ಫೋನ್ ಮಾಡಿ, "ಒಂದಿನದ ಮಟ್ಟಿಗೆ ಬಂದು ಹಾಕ್ಬುಟ್ಟು ಹೋಗಪ್ಪ" ಅಂದರು. "ಇಂಟರ್ನಲ್ಸ್ ಇದೆ ಅಪ್ಪ" ಅಂದೆ. ಇಂಟರ್ನಲ್ಸ್ ಇದ್ದದ್ದು ಮುಂದಿನ ವಾರ. ಮತದಾನದ ದಿನ ನಾವು ನಾಲ್ಕು ಜನ ಮೆಜೆಸ್ಟಿಕ್‌ಗೆ ಹೋಗಿ ಸಿನಿಮಾ ನೋಡಿ, ಕಡ್ಲೆಕಾಯಿ ತಿಂದ್ಕೊಂಡು ವಾಪಸ್ ಬಂದ್ವಿ. ಅಮ್ಮನೂ ಊರಲ್ಲಿರಲಿಲ್ಲ. ಅಕ್ಕನ ಬಾಣಂತನಕ್ಕೆ ಅಂತ ಮೈಸೂರಿಗೆ ಹೋಗಿದ್ದಳು. ಮೂರು ಓಟಿನ ಮನೆಯಿಂದ ಅಪ್ಪ ಒಬ್ಬರೇ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಶಾಲೆಯ ಬೂತಿಗೆ ಹೋಗಿ ಬಂದರು.

ನಮ್ಮೂರು ಇದ್ದದ್ದು ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ. ಈ ಹೆಸರು ಕೇಳಿದ ಕೂಡಲೇ ಕೆಲವರಿಗೆ ಮುಂದಿನದು ಗೊತ್ತಾಗಿರುತ್ತೆ. ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಓಟು. ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಗೆಲುವಿನ ಅಂತರ ಒಂದು.

ಸೋತವರ ಕಾರಿನ ಡ್ರೈವರಿಗೇ ಅವತ್ತು ಓಟು ಹಾಕೋಕೆ ಪುರುಸೊತ್ತಾಗಲಿಲ್ಲ ಅನ್ನುವ ಕಥೆ ಆಮೇಲೆ ರಾಜ್ಯವೆಲ್ಲ ಸುತ್ತಿತು. ಇವತ್ತಿಗೂ ಪ್ರತಿ ಚುನಾವಣೆಗೆ ಮುಂಚೆ ಅದು ವಾಟ್ಸಾಪಿನಲ್ಲಿ ಬರುತ್ತೆ, ಕೆಳಗೆ "ನಿಮ್ಮ ಒಂದು ಓಟು ಇತಿಹಾಸ ಬದಲಿಸಬಹುದು" ಅನ್ನುವ ಸಾಲಿನ ಜೊತೆ. ಅದನ್ನು ನೋಡಿದಾಗಲೆಲ್ಲ ನನಗೆ ನೆನಪಾಗೋದು ಮೆಜೆಸ್ಟಿಕ್ಕಿನ ಆ ಸಿನಿಮಾ. ಆ ಡ್ರೈವರ್ ಯಾರೋ ನನಗೆ ಗೊತ್ತಿಲ್ಲ. ಅವನಿಗಾದರೂ ಕೆಲಸವಿತ್ತು.

ನನ್ನ ತಪ್ಪು ಎಷ್ಟು ಅಂತ ಲೆಕ್ಕ ಹಾಕೋಕೆ ಹೊರಟರೆ ಮಜಾ ಶುರುವಾಗುತ್ತೆ. ನಾನು ಹೋಗಿ ಗೆದ್ದವರಿಗೇ ಹಾಕಿದ್ದರೆ ಅಂತರ ಎರಡಾಗುತ್ತಿತ್ತು, ಅಷ್ಟೇ. ಸೋತವರಿಗೆ ಹಾಕಿದ್ದರೆ ಸಮ ಆಗಿ ಚೀಟಿ ಎತ್ತಬೇಕಿತ್ತು. ಅಮ್ಮನೂ ಬಂದು ಸೋತವರಿಗೇ ಹಾಕಿದ್ದರೆ ಫಲಿತಾಂಶವೇ ತಿರುಗುತ್ತಿತ್ತು. ಅವತ್ತು ಮನೆಯಲ್ಲೇ ಉಳಿದವರು ಕ್ಷೇತ್ರದಲ್ಲಿ ಸಾವಿರಾರು ಜನ. ಅವರಲ್ಲಿ ಯಾರು ಬೇಕಾದರೂ "ನನ್ನಿಂದಲೇ ಹೀಗಾಯ್ತು" ಅಂತ ತಲೆ ಮೇಲೆ ಕೈ ಹೊತ್ತು ಕೂರಬಹುದು. ಹೋಟೆಲ್ ಬಿಲ್ಲಿನ ಹಾಗೆ ಈ ತಪ್ಪನ್ನು ಎಲ್ಲರ ನಡುವೆ ಭಾಗ ಮಾಡೋಕೂ ಬರುವುದಿಲ್ಲ. ಗೆಲುವಿನ ಕಡೆಯೂ ಅಷ್ಟೇ. 40,752 ಜನರಲ್ಲಿ ಒಬ್ಬ ಮನೆಯಲ್ಲಿ ಮಲಗಿದ್ದರೂ ಸಮ ಆಗುತ್ತಿತ್ತು, ಹಾಗಾಗಿ ಅವರಲ್ಲಿ ಪ್ರತಿಯೊಬ್ಬರೂ "ಗೆಲ್ಲಿಸಿದ್ದು ನಾನೇ" ಅನ್ನಬಹುದು. ಅವರು ಹೇಳೋದು ಸುಳ್ಳೂ ಅಲ್ಲ.

ಆದರೆ ಸಂತೇಮರಹಳ್ಳಿಯ ಕಥೆ ಹೇಳಿ ಜನರನ್ನು ಬೂತಿಗೆ ಕರೆಯೋದು ಲಾಟರಿ ಗೆದ್ದವನ ಫೋಟೋ ತೋರಿಸಿ ಟಿಕೆಟ್ ಮಾರಿದ ಹಾಗೆ. ಓಟಿಗೆ ಬೆಲೆ ಬರೋದು ಅದು ನಿರ್ಣಾಯಕ ಆದಾಗ ಮಾತ್ರ ಅಂತಾದರೆ, ಇಪ್ಪತ್ತು ಸಾವಿರದ ಅಂತರದಲ್ಲಿ ಮುಗಿದ ಚುನಾವಣೆಯ ಓಟುಗಳೆಲ್ಲ ದಂಡ. ಸೋತವರಿಗೆ ಬಿದ್ದವಂತೂ ದಂಡವೋ ದಂಡ. ನಮ್ಮಪ್ಪ ಮೇಷ್ಟ್ರಾಗಿದ್ದವರು, ಒಂದು ಚುನಾವಣೆಯನ್ನೂ ತಪ್ಪಿಸಿದವರಲ್ಲ. "ನಾನು ಹಾಕ್ದೋರು ಗೆದ್ದಿದ್ದು ಕಮ್ಮಿಯೇ" ಅಂತ ತಾವೇ ನಗುತ್ತಾರೆ. ಹಾಗಾದರೆ ಜೀವಮಾನವೆಲ್ಲ ಅವರು ಮಾಡಿದ್ದು ವ್ಯರ್ಥ ಕೆಲಸವಾ?

ಈ ಪ್ರಶ್ನೆಗೆ ನನಗೆ ಒಂದಿಷ್ಟು ಉತ್ತರ ಸಿಕ್ಕಿದ್ದು ದೂರದ ಊರಿನಲ್ಲಿ. 2017-18ರ ಚಳಿಗಾಲದಲ್ಲಿ ಕಂಪನಿ ಕೆಲಸದ ಮೇಲೆ ಮೂರು ತಿಂಗಳು ಅಮೆರಿಕದ ವರ್ಜೀನಿಯಾ ರಾಜ್ಯದ ರಾಜಧಾನಿ ರಿಚ್ಮಂಡಿನಲ್ಲಿದ್ದೆ. ಟ್ರಂಪ್ ಅಧ್ಯಕ್ಷರಾಗಿ ಒಂದು ವರ್ಷ ತುಂಬುತ್ತಿದ್ದ ಹೊತ್ತು. ಊರು, ಆಫೀಸು, ಊಟದ ಟೇಬಲ್ಲು ಎಲ್ಲ ಎರಡು ಪಾಲಾಗಿತ್ತು. ಅಲ್ಲಿನ ಕೆಳಮನೆಯ ನೂರು ಸ್ಥಾನಗಳಿಗೆ ನವೆಂಬರ್ 7ರಂದು ಚುನಾವಣೆ ಮುಗಿದಿತ್ತು. ಅದಕ್ಕೆ ಮುಂಚೆ ರಿಪಬ್ಲಿಕನ್ನರು 66, ಡೆಮಾಕ್ರಾಟರು 34. ಈ ಸಲ ಡೆಮಾಕ್ರಾಟರು ಯಾರೂ ಎಣಿಸದಷ್ಟು ಮೇಲೆ ಬಂದು, ಲೆಕ್ಕವೆಲ್ಲ ಒಂದೇ ಕ್ಷೇತ್ರದ ಮೇಲೆ ಬಂದು ನಿಂತಿತು. ಅದು 94ನೇ ಕ್ಷೇತ್ರ, ನ್ಯೂಪೋರ್ಟ್ ನ್ಯೂಸ್. ವಿಮಾನವಾಹಕ ಯುದ್ಧನೌಕೆಗಳನ್ನು ಕಟ್ಟುವ ಊರು. ಅಲ್ಲಿ ಡೆಮಾಕ್ರಾಟರು ಗೆದ್ದರೆ ಸದನ 50-50, ಸೋತರೆ 51-49.

ಮೊದಲ ಎಣಿಕೆಯಲ್ಲಿ ರಿಪಬ್ಲಿಕನ್ ಪಕ್ಷದ ಡೇವಿಡ್ ಯಾನ್ಸಿ ಹತ್ತು ಓಟು ಮುಂದಿದ್ದರು. ಡಿಸೆಂಬರ್ 19ರ ಮರುಎಣಿಕೆಯಲ್ಲಿ ಡೆಮಾಕ್ರಾಟಿಕ್ ಪಕ್ಷದ ಶೆಲಿ ಸೈಮಂಡ್ಸ್ ಒಂದು ಓಟಿನಿಂದ ಮುಂದೆ ಬಂದರು: 11,608 ಮತ್ತು 11,607. ಮಾರನೆಯ ದಿನ ಮೂವರು ನ್ಯಾಯಾಧೀಶರ ಮುಂದೆ ಒಂದು ಮತಪತ್ರ ಬಂತು. ಯಾರೋ ಒಬ್ಬ ಮತದಾರ ಇಬ್ಬರ ಹೆಸರಿನ ಮುಂದಿನ ಗುಂಡನ್ನೂ ತುಂಬಿ, ಸೈಮಂಡ್ಸ್ ಅವರ ಗುಂಡಿನ ಮೇಲೆ ಒಂದು ಗೆರೆ ಎಳೆದಿದ್ದ. ಗೆರೆ ಎಳೆದದ್ದು "ಇದು ಬೇಡ" ಅಂತಲಾ, ಅಥವಾ ಕೈ ಜಾರಿತಾ? ನ್ಯಾಯಾಧೀಶರು ಅದನ್ನು ಯಾನ್ಸಿಯ ಓಟು ಅಂತ ಲೆಕ್ಕಕ್ಕೆ ತೆಗೆದುಕೊಂಡರು. ಇಬ್ಬರಿಗೂ 11,608.

2018ರ ಜನವರಿ 4ರಂದು ಚೀಟಿ ಎತ್ತಿದರು. ನಾವು ಆಫೀಸಿನ ಪ್ಯಾಂಟ್ರಿಯಲ್ಲಿ ನಿಂತು ಟೀವಿಯಲ್ಲಿ ನೋಡಿದೆವು. ಎರಡು ಹೆಸರಿನ ಚೀಟಿಗಳನ್ನು ಹಳೇ ಕ್ಯಾಮೆರಾ ರೀಲಿನ ಪುಟ್ಟ ಡಬ್ಬಿಗಳಿಗೆ ಹಾಕಿ, ಆರ್ಟ್ ಮ್ಯೂಸಿಯಮ್ಮಿನಿಂದ ತಂದ ನೀಲಿ-ಬಿಳಿ ಬಣ್ಣದ ಪಿಂಗಾಣಿ ಬಟ್ಟಲಿನಲ್ಲಿಟ್ಟು ಕಲಸಿ, ಚುನಾವಣಾ ಮಂಡಳಿಯ ಅಧ್ಯಕ್ಷರು ಒಂದನ್ನು ಎತ್ತಿದರು. ಯಾನ್ಸಿ. ಪಕ್ಕದಲ್ಲಿ ನಿಂತಿದ್ದ ನನ್ನ ಸಹೋದ್ಯೋಗಿ, ಯಾವ ಪಕ್ಷ ಅಂತ ಬಾಯಿಬಿಟ್ಟು ಹೇಳದಿದ್ದರೂ ಮುಖ ನೋಡಿದರೆ ಗೊತ್ತಾಗುತ್ತಿತ್ತು, "ನಿಮ್ಮ ದೇಶದಲ್ಲೂ ಹೀಗೆ ಆಗುತ್ತಾ?" ಅಂತ ಕೇಳಿದ. ನಾನು ಉಮೇದಿನಿಂದ ಸಂತೇಮರಹಳ್ಳಿಯ ಕಥೆ ಹೇಳಿದೆ. "ನಮ್ಮದೇ ಕ್ಷೇತ್ರ" ಅಂತ ಬೇರೆ ಸೇರಿಸಿದೆ. ಅವನು ಕೇಳಿದ್ದು ಒಂದೇ ಮಾತು: "ನೀನು ಓಟು ಹಾಕಿದ್ಯಾ?"

ಕಾಫಿ ತರೋಕೆ ಅಂತ ನಾನು ಆ ಕಡೆ ಹೋದೆ.

ಚೀಟಿ ಎತ್ತೋದನ್ನು ನೋಡಿ ಅಲ್ಲಿ ತುಂಬಾ ಜನ ನಕ್ಕರು, ಪ್ರಜಾಪ್ರಭುತ್ವ ಅಂದರೆ ಇಷ್ಟೇನಾ ಅಂದರು. ನನಗೆ ಹಾಗನ್ನಿಸಲಿಲ್ಲ. ನಮ್ಮಲ್ಲೂ 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 65ನೇ ಸೆಕ್ಷನ್ ಇದನ್ನೇ ಹೇಳುತ್ತೆ. ಸಮ ಬಂದರೆ ಚೀಟಿ, ಚೀಟಿಯಲ್ಲಿ ಹೆಸರು ಬಂದವರಿಗೆ ಇನ್ನೊಂದು ಓಟು ಹೆಚ್ಚು ಬಿದ್ದಿದೆ ಅಂತ ಭಾವಿಸಬೇಕು. ಸಾವಿರ ವರ್ಷದ ಹಿಂದೆ ಚೋಳರ ಕಾಲದಲ್ಲಿ ಕಾಂಚೀಪುರದ ಹತ್ತಿರದ ಉತ್ತರಮೇರೂರಿನಲ್ಲಿ ಓಲೆಗರಿಯ ಮೇಲೆ ಹೆಸರು ಬರೆದು, ಕೊಡದಲ್ಲಿ ಹಾಕಿ, ಹುಡುಗನ ಕೈಯಲ್ಲಿ ಎತ್ತಿಸಿ ಊರಿನ ಸಮಿತಿಗೆ ಜನರನ್ನು ಆರಿಸುತ್ತಿದ್ದರು. ಅಲ್ಲಿನ ಗುಡಿಯ ಗೋಡೆ ಮೇಲೆ ಆ ಶಾಸನ ಈಗಲೂ ಇದೆ. ಚೀಟಿಗೆ ಪಕ್ಷಪಾತವಿಲ್ಲ, ಮುಂಚೆಯೇ ಎಲ್ಲರೂ ಒಪ್ಪಿದ ನಿಯಮ ಅದು. ಸೋತವರು "ಅನ್ಯಾಯ" ಅನ್ನೋಕೆ ಬರುವುದಿಲ್ಲ. ಸೈಮಂಡ್ಸ್ ಜನವರಿ 10ರಂದು, ಅಧಿವೇಶನ ಶುರುವಾಗುವ ದಿನ, ಸೋಲು ಒಪ್ಪಿಕೊಂಡರು.

ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಗೆದ್ದವರ ವಿಷಯ. ಬಟ್ಟಲಿನಿಂದ ಬಂದ ಚೀಟಿ ಯಾನ್ಸಿಗೆ ಕುರ್ಚಿ ಕೊಟ್ಟಿತು, ಸರಿ. ಅವರ ಪಕ್ಷಕ್ಕೆ ಅಧಿಕಾರವೂ ಬಂತು. ಆದರೆ "ಜನ ನಮ್ಮ ಜೊತೆಗಿದ್ದಾರೆ" ಅನ್ನುವ ಮಾತು ಆ ಬಟ್ಟಲಿನಲ್ಲಿ ಇತ್ತಾ? ಆಮೇಲೆ ಗೊತ್ತಾದ ಪ್ರಕಾರ, ಆ ಊರಿನ ಇಪ್ಪತ್ತಕ್ಕೂ ಹೆಚ್ಚು ಮತದಾರರಿಗೆ ಅಧಿಕಾರಿಗಳ ಕಣ್ತಪ್ಪಿನಿಂದ ಪಕ್ಕದ ಕ್ಷೇತ್ರದ ಮತಪತ್ರ ಸಿಕ್ಕಿತ್ತು. ಅಂತರ ಇಷ್ಟು ತೆಳ್ಳಗಾದಾಗ ಜನರ ತೀರ್ಮಾನ ಯಾವುದು, ಕೈ ಜಾರಿದ್ದು ಯಾವುದು, ಕಣ್ತಪ್ಪು ಯಾವುದು ಅಂತ ಬಿಡಿಸಿ ಹೇಳೋಕೆ ದೇವರಿಂದಲೂ ಆಗಲ್ಲ.

ಮುಂದೆ ನಡೆದದ್ದನ್ನು ನಾನು ಬೆಂಗಳೂರಿಗೆ ವಾಪಸ್ ಬಂದ ಮೇಲೆ ಪತ್ರಿಕೆಯಲ್ಲಿ ಓದಿದೆ. ಬಡವರಿಗೆ ಸರ್ಕಾರವೇ ಕೊಡುವ ಆರೋಗ್ಯ ವಿಮೆ ಅಲ್ಲಿ ಮೆಡಿಕೇಡ್. ಅದನ್ನು ಇನ್ನಷ್ಟು ಜನರಿಗೆ ವಿಸ್ತರಿಸಬೇಕು ಅಂತ ಹಿಂದಿನ ಡೆಮಾಕ್ರಾಟಿಕ್ ಗವರ್ನರ್ ನಾಲ್ಕು ವರ್ಷ ಪ್ರಯತ್ನಿಸಿದ್ದರು. ರಿಪಬ್ಲಿಕನ್ನರ ಕೈಯಲ್ಲಿದ್ದ ಸದನ ಬಿಟ್ಟುಕೊಟ್ಟಿರಲಿಲ್ಲ. 2018ರ ಮೇ 30ರಂದು, ಆ ಬಟ್ಟಲಿನ ಚೀಟಿಯಿಂದ 51-49ರಲ್ಲಿ ಉಳಿದ ಅದೇ ರಿಪಬ್ಲಿಕನ್ ಸದನ ಅದನ್ನು 67-31ರಲ್ಲಿ ಪಾಸು ಮಾಡಿತು. ಡೆಮಾಕ್ರಾಟರು ಇದ್ದದ್ದೇ 49. ಅಂದರೆ ಕಡೇ ಪಕ್ಷ ಹದಿನೆಂಟು ರಿಪಬ್ಲಿಕನ್ನರು ಆ ಕಡೆ ಕೈ ಎತ್ತಿದ್ದರು. ಕೆಲಸ ಮಾಡಬೇಕು ಅನ್ನುವಂಥ ಷರತ್ತುಗಳನ್ನೂ ಸೇರಿಸಿಕೊಂಡು, ಚೌಕಾಸಿ ಮಾಡಿಯೇ ಒಪ್ಪಿದ್ದರು. ಸುಮಾರು ನಾಲ್ಕು ಲಕ್ಷ ಜನ ಆ ವಿಮೆಗೆ ಅರ್ಹರಾದರು.

ಅವರಿಗೆ ದಿಢೀರಂತ ಬಡವರ ಮೇಲೆ ಕರುಣೆ ಉಕ್ಕಿತು ಅಂತ ನಾನೇನೂ ನಂಬುವುದಿಲ್ಲ. ಮುಂದಿನ ಸಲ ಕುರ್ಚಿ ಉಳಿಯುತ್ತೋ ಇಲ್ಲವೋ ಅನ್ನುವ ಭಯವೂ ಕೆಲಸ ಮಾಡಿರುತ್ತೆ. ಆದರೆ ಆ ಭಯ ಹುಟ್ಟಿಸಿದ್ದು ಯಾರು? ಗೆದ್ದವರಿಗೆ ಬಿದ್ದ ಓಟುಗಳಂತೂ ಅಲ್ಲ. ಸೋತವರಿಗೆ ಬಿದ್ದವು. ನ್ಯೂಪೋರ್ಟ್ ನ್ಯೂಸಿನಲ್ಲಿ ಸೋತ 11,608, ಬೇರೆ ಬೇರೆ ಕ್ಷೇತ್ರಗಳಲ್ಲಿ ನೂರು, ಸಾವಿರ, ಐದು ಸಾವಿರದಿಂದ ಸೋತವು. ಹಾಕಿದವರು ಅವತ್ತು ರಾತ್ರಿ "ಥೂ, ದಂಡವಾಯ್ತು" ಅಂದುಕೊಂಡೇ ಮಲಗಿರುತ್ತಾರೆ.

ನಮ್ಮೂರ ಕಡೆಯ ಸಂತೆಯ ತಕ್ಕಡಿ ನೆನಪು ಮಾಡಿಕೊಳ್ಳಿ. ಒಂದು ತಟ್ಟೆಯಲ್ಲಿ ಕಲ್ಲು, ಇನ್ನೊಂದರಲ್ಲಿ ರಾಗಿ. ಹಿಡಿ ಹಿಡಿಯಾಗಿ ಹಾಕುತ್ತಾ ಹೋದರೆ ಯಾವುದೋ ಒಂದು ಹಿಡಿಗೆ ತಟ್ಟೆ ವಾಲುತ್ತೆ. ನಮ್ಮ ಕಣ್ಣೆಲ್ಲ ಆ ಕೊನೆಯ ಹಿಡಿಯ ಮೇಲೆ. ಆದರೆ ಅದರ ತೂಕ ಮೊದಲ ಹಿಡಿಯ ತೂಕಕ್ಕಿಂತ ಒಂದು ಕಾಳೂ ಹೆಚ್ಚಿಲ್ಲ. ವಾಲದೇ ಉಳಿದ ತಟ್ಟೆಯಲ್ಲಿ ಇರೋದಕ್ಕೂ ತೂಕ ಇದೆ. ಅದು ಇರೋದರಿಂದಲೇ ಈ ಕಡೆಯ ತಟ್ಟೆ ನೆಲಕ್ಕೆ ಬಡಿಯದೆ ಗಾಳಿಯಲ್ಲಿ ನಿಂತಿರೋದು. ಡೌನ್ಸ್ ಅವರ ಲೆಕ್ಕದಲ್ಲಿ, ನನ್ನ ಗೆಳೆಯನ ಲೆಕ್ಕದಲ್ಲಿ ಇದು ಬರುವುದೇ ಇಲ್ಲ. ಅಲ್ಲಿ ಓಟು ಅಂದರೆ ಸ್ವಿಚ್ಚು. ಬಲ್ಬು ಹತ್ತಿದರೆ ಉಂಟು, ಇಲ್ಲದಿದ್ದರೆ ಇಲ್ಲ.

"ತೂಕವೇ ಅಂದುಕೊಂಡರೂ ಒಂದು ಓಟಿನ ತೂಕ ಎಷ್ಟು?" ಅಂತ ಗೆಳೆಯ ಕೇಳಿಯೇ ಕೇಳುತ್ತಾನೆ. ತುಂಬಾ ಕಮ್ಮಿ, ಒಪ್ಪುತ್ತೇನೆ. 11,608ರ ಬದಲು 11,607 ಆಗಿದ್ದರೆ ಯಾವ ಶಾಸಕನೂ ಬೇರೆ ಥರ ಯೋಚಿಸುತ್ತಿರಲಿಲ್ಲ. ಆದರೆ ಕಮ್ಮಿ ಇರೋದೇ ಬೇರೆ, ಇಲ್ಲದಿರೋದೇ ಬೇರೆ. ಟ್ಯಾಕ್ಸ್ ಕಟ್ಟುವಾಗ ನನ್ನ ದುಡ್ಡಿನಿಂದ ಯಾವ ಫ್ಲೈಓವರ್ ಎದ್ದಿತು ಅಂತ ನಾವು ಕೇಳುವುದಿಲ್ಲ. ನನ್ನ ಪಾಲು ಅದರಲ್ಲಿದೆ ಅಂತ ಸುಮ್ಮನಿರುತ್ತೇವೆ. ಓಟಿಗೆ ಮಾತ್ರ ಇಡೀ ಫ್ಲೈಓವರ್ ನನ್ನೊಬ್ಬನಿಂದಲೇ ಏಳಬೇಕು ಅನ್ನುವ ಹಟ ಯಾಕೆ?

ಇನ್ನೊಂದು ಮಾತೂ ಇದೆ, ಇದು ನನಗೇ ಚುಚ್ಚುವಂಥದ್ದು. ಸೋತ ಓಟಿಗೆ ತೂಕ ಇದೆಯೋ ಇಲ್ಲವೋ ಅನ್ನೋದು ಅರ್ಧ ಗೆದ್ದವರ ಕೈಯಲ್ಲಿದೆ. ಹೋದ ವರ್ಷ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ಗಲಾಟೆ. ಹಿಂದಿನ ಖಾಲಿ ಜಾಗದಲ್ಲಿ ಮಕ್ಕಳು ಕ್ರಿಕೆಟ್ ಆಡಬೇಕೋ ಬೇಡವೋ ಅಂತ. ಕಾರಿನ ಗಾಜು ಒಡೆದಿತ್ತು, ವಯಸ್ಸಾದವರೊಬ್ಬರಿಗೆ ಚೆಂಡು ತಾಗಿತ್ತು. ಓಟಿಗೆ ಹಾಕಿದೆವು. ಬೇಡ ಅಂದವರು 58, ಬೇಕು ಅಂದವರು 55. ನಾನು ಬೇಡ ಅಂದ ಐವತ್ತೆಂಟರಲ್ಲಿ ಒಬ್ಬ, ಕಮಿಟಿಯಲ್ಲೂ ಇದ್ದೆ. ಮಾರನೆಯ ದಿನವೇ "ಮೆಜಾರಿಟಿ ತೀರ್ಮಾನ" ಅಂತ ಬೋರ್ಡು ಹಾಕಿ ಗೇಟಿಗೆ ಬೀಗ ಜಡಿದೆವು. ಕ್ರಿಕೆಟ್ಟೂ ಇಲ್ಲ, ಸೈಕಲ್ಲೂ ಇಲ್ಲ, ಏನೂ ಇಲ್ಲ. ಮೂರನೇ ಮಹಡಿಯ ಆಂಟಿ ಲಿಫ್ಟಿನಲ್ಲಿ ಸಿಕ್ಕಿದಾಗ ಮೆಲ್ಲಗೆ ಅಂದರು: "ನೀವು ಗೆದ್ರಿ ಸರಿನಪ್ಪಾ. ಆದ್ರೆ ನಾವು ಐವತ್ತೈದು ಮನೆಯವರು ಇನ್ನೂ ಇಲ್ಲೇ ಇದ್ದೀವಲ್ವಾ?"

ನನಗೆ ಉತ್ತರ ಹೊಳೆಯಲಿಲ್ಲ. ಮೂರು ಓಟಿನಿಂದ ಗೆದ್ದು ನೂರಹದಿಮೂರು ಮನೆಯೂ ನಮ್ಮ ಕಡೆ ಇದ್ದ ಹಾಗೆ ನಡೆದುಕೊಂಡಿದ್ದೆವು. ನಿಯಮದ ಪ್ರಕಾರ ನಾವು ಮಾಡಿದ್ದರಲ್ಲಿ ತಪ್ಪಿರಲಿಲ್ಲ. ಬೀಗ ಹಾಕುವ ಅಧಿಕಾರ ಐವತ್ತೆಂಟು ಓಟು ಕೊಟ್ಟಿತ್ತು. ಐವತ್ತೈದರ ಕಡೆ ತಿರುಗಿಯೂ ನೋಡಬಾರದು ಅಂತ ಯಾವ ಓಟೂ ಹೇಳಿರಲಿಲ್ಲ, ಅದು ನಮ್ಮ ಸ್ವಂತ ಸೇರ್ಪಡೆ. ಮುಂದಿನ ಮೀಟಿಂಗಿನಲ್ಲಿ, ಸಂಜೆ ನಾಲ್ಕರಿಂದ ಆರರವರೆಗೆ ಟೆನಿಸ್ ಬಾಲಿನಲ್ಲಿ ಆಡಲಿ ಅಂತ ನಾನೇ ಪ್ರಸ್ತಾಪ ಇಟ್ಟೆ. ನಮ್ಮ ಕಡೆಯವರು ಕೆಲವರು ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಗೆದ್ದ ಮೇಲೆ ಬಿಟ್ಟುಕೊಡೋದು ಸೋಲು ಒಪ್ಪಿಕೊಳ್ಳೋದಕ್ಕಿಂತ ಕಷ್ಟ ಅಂತ ಆಗ ಗೊತ್ತಾಯಿತು.

ಇವತ್ತು ಸಂತೇಮರಹಳ್ಳಿ ಅನ್ನುವ ಕ್ಷೇತ್ರವೇ ಇಲ್ಲ, 2008ರ ಪುನರ್ವಿಂಗಡಣೆಯಲ್ಲಿ ಅಳಿಸಿಹೋಯಿತು. ಒಂದು ಓಟಿನಿಂದ ಗೆದ್ದ ಧ್ರುವನಾರಾಯಣ ಆಮೇಲೆ ಚಾಮರಾಜನಗರದಿಂದ ಎರಡು ಸಲ ಸಂಸದರಾದರು, 2019ರಲ್ಲಿ 1,817 ಓಟುಗಳಿಂದ ಸೋತರು. ಈಗ ಅವರಿಲ್ಲ. ಒಂದು ಓಟಿನಿಂದ ಸೋತ ಕೃಷ್ಣಮೂರ್ತಿ ಈ ಸಲ ಅದೇ ಕಾಂಗ್ರೆಸ್ಸಿನಿಂದ ಕೊಳ್ಳೇಗಾಲದಲ್ಲಿ ಗೆದ್ದಿದ್ದಾರೆ. ನ್ಯೂಪೋರ್ಟ್ ನ್ಯೂಸಿನಲ್ಲೂ 2019ರಲ್ಲಿ ಸೈಮಂಡ್ಸ್ ಅದೇ ಯಾನ್ಸಿಯ ಎದುರು ನಿಂತು, ಚೀಟಿಯ ಹಂಗಿಲ್ಲದೆ ಗೆದ್ದರು. ಕ್ಷೇತ್ರದ ಗೆರೆ ಅಷ್ಟರಲ್ಲಿ ಬದಲಾಗಿತ್ತು, ಅದೂ ನಿಜ.

ಈ ಮೇ 10ರಂದು ನಾನು ಬೆಳಗ್ಗೆ ಬೇಗ ಎದ್ದು ಬೆಂಗಳೂರಿನಲ್ಲಿ ನನ್ನ ಓಟು ಹಾಕಿ, ಮಧ್ಯಾಹ್ನದ ಹೊತ್ತಿಗೆ ಊರು ಸೇರಿದೆ. ಅಪ್ಪನಿಗೆ ಮಂಡಿ ನೋವು. ಬಿಳಿ ಶರ್ಟು ಹಾಕಿಕೊಂಡು ಜಗಲಿಯ ಮೇಲೆ ಕಾಯುತ್ತಾ ಕೂತಿದ್ದರು. ಇಬ್ಬರನ್ನೂ ಕಾರಿನಲ್ಲಿ ಶಾಲೆಗೆ ಕರೆದುಕೊಂಡು ಹೋದೆ. ಅಪ್ಪ ಯಾರಿಗೆ ಹಾಕಿದರೋ ಹೇಳಲಿಲ್ಲ, ನಾನೂ ಕೇಳಲಿಲ್ಲ. "ಈ ಸಲನಾದ್ರೂ ಗೆಲ್ತಾರಾ ನಿಮ್ಮೋರು?" ಅಂತ ಮಾತ್ರ ಛೇಡಿಸಿದೆ. "ಗೆಲ್ಲೋದು ಅವ್ರ ಪಾಡು ಕನಪ್ಪ. ನಾವೂ ಇದ್ದೀವಿ ಅಂತ ಎಣಿಸೋರ್ಗೆ ಗೊತ್ತಾಗ್ಬೇಕು" ಅಂದರು.

ಸಂಜೆ ಕಾಫಿ ಕುಡಿಯುವಾಗ, ಇಷ್ಟು ವರ್ಷ ಬಾಯಿಗೆ ಬಂದು ನುಂಗಿಕೊಂಡಿದ್ದ ಪ್ರಶ್ನೆಯನ್ನು ಅಮ್ಮನಿಗೆ ಕೇಳಿಯೇಬಿಟ್ಟೆ. "ಅಮ್ಮ, ಅಕ್ಕನ ಬಾಣಂತನಕ್ಕೆ ಹೋಗಿದ್ಯಲ್ಲ, ಆ ವರ್ಷ ಊರಲ್ಲಿದ್ದಿದ್ರೆ ಯಾರಿಗೆ ಹಾಕ್ತಿದ್ದೆ?"

ಅಮ್ಮ ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚಿಸಿದಳು. ಅಪ್ಪನೂ ಪೇಪರಿನಿಂದ ತಲೆ ಎತ್ತಿದರು.

"ಅಯ್ಯೋ, ಯಾರ್ ನಿಂತಿದ್ರು ಅಂತ್ಲೇ ನೆನಪಿಲ್ಲ ಕನಪ್ಪ" ಅಂದಳು. "ಮಗೀಗೆ ಕಾಮಾಲೆ ಬಂದಿತ್ತು. ಅದೊಂದು ನೆನಪದೆ."